ಮೈಲುತುತ್ತದ ಕಥೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೆರೆ ಕೆಳಗೋ ಬಾವಿ ಕೆಳಗೋ ಶುಂಠಿ, ಅರಿಶಿನ ನೆಡುವವರು ಈ ಮಾತು ಕೇಳಿ. ದುಡ್ಡು ಸುರಿದು ತಂದ ಬಿತ್ತನೆ ಗೆಡ್ಡೆ ಮಣ್ಣಿನೊಳಗೇ ಕೊಳೆತರೆ ಬೆಳೆಯೂ ಹೋಯ್ತು, ಮುಂದಿನ ವರ್ಷದ ಬೀಜವೂ ಹೋಯ್ತು.

ಇದನ್ನು ತಡೆಯುವ ಒಂದು ಮದ್ದು ಹಣ್ಣು ಕಳ್ಳರಿಂದಾಗಿ ಸಿಕ್ಕಿತು ಅಂದರೆ ನಗಬೇಡಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಪಕ್ಕದ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಪಂಡಿತರು ನೋಡುತ್ತಾರೆ, ಆ ಬಳ್ಳಿಗಳ ಎಲೆ ಮಾತ್ರ ಉದುರಿಲ್ಲ! 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಹಿಡಿದರು. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದೇ ಗತಿ.

ಅಡಿಕೆ ಕೊಳೆಸುವ ಜೀವಿಯೂ ಗೆಡ್ಡೆ ಕೊಳೆಸುವ ಜೀವಿಯೂ ದಾಯಾದಿಗಳು. ಎರಡರ ಕಣಗಳೂ ನೀರಿನಲ್ಲಿ ಈಜಿ ಹರಡುತ್ತವೆ. ಆದ್ದರಿಂದ ಮೊದಲು ಏರುಮಡಿ ಮಾಡಿ, ಬಸಿಗಾಲುವೆ ತೆಗೆಯಿರಿ. ರೋಗ ಕಂಡ ಹೊಲದ ಗೆಡ್ಡೆ ಬಿತ್ತನೆಗೆ ಬೇಡ. ನೀರು ನಿಂತ ಮಡಿಗೆ ಔಷಧ ಹುಯ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕೊಳೆತ ಗಿಡ ಕಿತ್ತು ಸುಟ್ಟು, ಸುತ್ತಲ ಮಣ್ಣು ನೆನೆಯುವಂತೆ ಶೇಕಡಾ 1ರ ಬೋರ್ಡೋ ದ್ರಾವಣ ಹುಯ್ಯಿರಿ.

1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಬೆರೆಸಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕು ಅದ್ದಿ ನೋಡಿ. ಅಲಗು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಲಸಿದ್ದನ್ನು ಅಂದೇ ಮುಗಿಸಿಬಿಡಿ.