ನೀರನ್ನರಸಿ ಬಂದವರ ಮನೆತನ

ಕೊಳವೆಗೆ ಸ್ವಂತದ್ದೆಂಬ ಸಿರಿ ಯಾವುದೂ ಇಲ್ಲ. ತನ್ನೊಳಗೆ ಹರಿಯುವ ನೀರಿನಿಂದಲೇ ಅದಕ್ಕೆ ಬೆಲೆ. ನೀರು ನಿಂತ ದಿನ ಅದು ಹೊಲದ ಬದುವಿನಲ್ಲಿ ಬಿಸಿಲಿಗೆ ಬಣ್ಣಗೆಡುತ್ತ ಬಿದ್ದಿರುವ ಟೊಳ್ಳು ವಸ್ತು. ಪ್ಲಾಸ್ಟಿಕ್ ಕೊಳವೆಗಳಿಂದ ಹೆಸರು ಗಳಿಸಿದ ಒಂದು ಮನೆತನದ ವೃತ್ತಾಂತವನ್ನು ಕೃಷಿಕರ ಈ ಸ್ಮರಣ ಸಂಚಿಕೆಗಾಗಿ ಬರೆಯಲು ಕುಳಿತಾಗ ನನಗೆ ಮೊದಲು ಹೊಳೆದುದು ಈ ಮಾತು. ಮಹಾರಾಷ್ಟ್ರದ ಜಳಗಾಂವಿನಲ್ಲಿ ನೆಲೆಗೊಂಡಿರುವ ಜೈನ್ ಇರಿಗೇಶನ್ ಸಂಸ್ಥೆಯ ಏಳುಬೀಳುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಹೋದಂತೆ, ಹೊಲದ ನೀರಿಗೆ ಅಂಟಿಕೊಂಡಿದ್ದಷ್ಟು ಕಾಲ ಅದು ಬೆಳೆಯಿತೆಂಬುದೂ, ಆ ನಂಟು ಸಡಿಲವಾದಾಗ ಎಡವಿತೆಂಬುದೂ ನನಗೆ ಸ್ಪಷ್ಟವಾಗುತ್ತ ಬಂದಿತು.

ಈ ಮನೆತನದ ಬೇರು ರಾಜಸ್ಥಾನದ ಮರಳುಗಾಡಿನಲ್ಲಿದೆ. 1887ರಲ್ಲಿ ನೀರನ್ನೂ ಜೀವನೋಪಾಯವನ್ನೂ ಅರಸಿ ದಕ್ಷಿಣಾಭಿಮುಖವಾಗಿ ಹೊರಟ ಅದರ ಹಿರಿಯರು, ಅಪರಿಚಿತವಾದ ನಾಡನ್ನು ಹಾದು, ಅಜಂತಾ ಗುಹೆಗಳ ತಪ್ಪಲಿಗೆ ಬಂದು ಬೀಡುಬಿಟ್ಟರು. ಅಲ್ಲಿಯ ವಾಕೋದ್ ಎಂಬ ಹಳ್ಳಿಯಲ್ಲಿ 1937ರ ಡಿಸೆಂಬರ್ 12ರಂದು ಭವರಲಾಲ್ ಹೀರಾಲಾಲ್ ಜೈನರು ಜನಿಸಿದರು. ಮುಂಬಯಿಯಲ್ಲಿ ವಾಣಿಜ್ಯಶಾಸ್ತ್ರವನ್ನೂ ಕಾನೂನನ್ನೂ ಓದಿ, ಸರ್ಕಾರದ ಅಧಿಕಾರಸ್ಥಾನವೊಂದು ಕೈಗೆಟಕುವಂತಿದ್ದ ಸಮಯದಲ್ಲಿ, ಕೃಷಿಯಿಂದ ಮನುಷ್ಯರಿಗಷ್ಟೇ ಅಲ್ಲದೆ ಪಶುಪಕ್ಷಿಗಳಿಗೂ ಅನ್ನ ದೊರೆಯುತ್ತದೆಂಬ ತಾಯಿಯ ಹಿತವಚನವನ್ನು ಮನ್ನಿಸಿ ಅವರು ಊರಿಗೆ ಹಿಂದಿರುಗಿದರು. ಓದಿದ ಮಗ ಪಟ್ಟಣದ ಕುರ್ಚಿಯನ್ನು ಬಿಟ್ಟು ಬಂದುದನ್ನು ಹಳ್ಳಿಯ ಜಗುಲಿಗಳು ಹೇಗೆ ಆಡಿಕೊಂಡಿರಬಹುದೆಂಬುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ.

1963ರಲ್ಲಿ ವ್ಯಾಪಾರಕ್ಕೆ ಇಳಿದಾಗ ಕುಟುಂಬದ ಬಳಿ ಇದ್ದ ಬಂಡವಾಳ 7,000 ರೂಪಾಯಿ. ಅದು ಮೂರು ತಲೆಮಾರುಗಳು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಗಂಟು. ತಳ್ಳುಗಾಡಿಯ ಮೇಲೆ ಸೀಮೆಎಣ್ಣೆಯನ್ನಿಟ್ಟು ಮಾರುವುದರಿಂದ ಕೆಲಸ ಮೊದಲಾಯಿತು. ಮುಂದೆ ಟ್ರ್ಯಾಕ್ಟರು, ಬೀಜ, ಗೊಬ್ಬರ, ಕೀಟನಾಶಕ, ತುಂತುರು ನೀರಾವರಿಯ ಸಲಕರಣೆ, ಪಿ.ವಿ.ಸಿ. ಪೈಪು, ಹೀಗೆ ರೈತನಿಗೆ ಬೇಕಾದ ಒಂದೊಂದು ವಸ್ತುವಿನ ಏಜೆನ್ಸಿಯೂ ಕೂಡಿಬಂದಿತು. 1963ರಲ್ಲಿ 10 ಲಕ್ಷ ರೂಪಾಯಿಗಳಿದ್ದ ವಹಿವಾಟು 1978ರ ವೇಳೆಗೆ 11 ಕೋಟಿಯನ್ನು ಮುಟ್ಟಿದುದು ಸಾಮಾನ್ಯ ಸಂಗತಿಯಲ್ಲ. ಆದರೂ ಆ ಹದಿನೈದು ವರ್ಷಗಳ ನಿಜವಾದ ಲಾಭವಾವುದೆಂದರೆ, ಕಪ್ಪುನೆಲದ ಆ ಸೀಮೆಯ ರೈತ ಯಾವ ತಿಂಗಳಲ್ಲಿ ಕೊಳ್ಳುತ್ತಾನೆ, ಯಾವ ತಿಂಗಳಲ್ಲಿ ಸಾಲ ಹೇಳುತ್ತಾನೆ, ಯಾವ ಮಾತಿಗೆ ನಂಬುತ್ತಾನೆ ಎಂಬುದನ್ನು ಅಂಗಡಿಯ ಗಲ್ಲಾದ ಹಿಂದೆ ಕುಳಿತೇ ಕಲಿತದ್ದು.

ತಯಾರಿಕೆಯ ಮೊದಲ ಹೆಜ್ಜೆ ಪ್ಲಾಸ್ಟಿಕ್ಕಿನದಾಗಿರಲಿಲ್ಲವೆಂಬುದು ಒಂದು ಕೌತುಕ. ಪಾಳುಬಿದ್ದಂತಿದ್ದ ಬಾಳೆಹಿಟ್ಟಿನ ಕಾರ್ಖಾನೆಯೊಂದನ್ನು 1978ರಲ್ಲಿ 30 ಲಕ್ಷ ರೂಪಾಯಿಗಳಿಗೆ, ಕೈಯಲ್ಲಿದ್ದುದನ್ನೆಲ್ಲ ಒತ್ತೆಯಿಟ್ಟವರಂತೆ, ಅವರು ಕೊಂಡುಕೊಂಡರು. ಅದರ ಯಂತ್ರಗಳಲ್ಲಿ ಬಾಳೆಯ ಬದಲಿಗೆ ಪರಂಗಿಯ ಹಾಲನ್ನು ಸಂಸ್ಕರಿಸಿ ಪಪೈನ್ ಎಂಬ ಕಿಣ್ವವನ್ನು ತೆಗೆದು ಪರದೇಶಗಳಿಗೆ ಕಳುಹಿಸಿದರು. ಆ ಹಾಲನ್ನು ಸಂಗ್ರಹಿಸುವ ಬಗೆಯೇ ನೋಡತಕ್ಕದ್ದು: ಬಿಸಿಲೇರುವ ಮುನ್ನ, ಗಿಡದಲ್ಲಿಯೇ ಇರುವ ಎಳೆಹಸಿರು ಕಾಯಿಯ ಮೈಮೇಲೆ ಬ್ಲೇಡಿನಿಂದ ಕೂದಲೆಳೆಯಷ್ಟು ಆಳದ ಗೀರುಗಳನ್ನೆಳೆದರೆ, ಬೆಳ್ಳನೆಯ ಹಾಲು ಒಸರಿ ಹನಿಹನಿಯಾಗಿ ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತದೆ. ಗೀರು ಆಳವಾದರೆ ಕಾಯಿ ಕೆಡುತ್ತದೆ. ಅವಸರಪಟ್ಟರೆ ಹಾಲು ದಕ್ಕುವುದಿಲ್ಲ. ಮುಂದೆ ಹನಿಯಿಂದಲೇ ಕೀರ್ತಿ ಪಡೆಯಬೇಕಾಗಿದ್ದ ಸಂಸ್ಥೆಗೆ ತಾಳ್ಮೆಯ ಮೊದಲ ಪಾಠವನ್ನು ಹೇಳಿಕೊಟ್ಟದ್ದು ಪರಂಗಿಯ ಗಿಡವೆಂದು ನಾನು ಭಾವಿಸುವುದುಂಟು.

ಅನಂತರ 1980ರ ಸುಮಾರಿನಲ್ಲಿ, ಅದುವರೆಗೆ ಮಾರುತ್ತಿದ್ದ ಪಿ.ವಿ.ಸಿ. ಪೈಪನ್ನು ತಾವೇ ತಯಾರಿಸಲು ತೊಡಗಿದರು. ಇದರ ತಂತ್ರ ನಮ್ಮ ಅಡುಗೆಮನೆಯ ಚಕ್ಕುಲಿ ಒರಳಿನದೇ. ಹಿಟ್ಟಿನಂತಿರುವ ಬಿಳಿಯ ರಾಳಕ್ಕೆ ಸುಣ್ಣಗಲ್ಲಿನ ಪುಡಿಯನ್ನೂ, ಶಾಖಕ್ಕೆ ಕೆಡದಂತೆ ಕಾಪಾಡುವ ದ್ರವ್ಯಗಳನ್ನೂ ಬೆರೆಸಿ ಆಲಿಕೆಯಿಂದ ಒಳಕ್ಕೆ ಬಿಟ್ಟರೆ, ಕಾದ ಉಕ್ಕಿನ ಕೊಳಗದೊಳಗೆ ತಿರುಗುವ ಸ್ಕ್ರೂ ಅದನ್ನು ಮಿದಿದು, ಮೆತ್ತಗಾಗಿಸಿ, ಬಳೆಯಾಕಾರದ ಅಚ್ಚಿನ ಬಾಯಿಯಿಂದ ಹೊರಕ್ಕೆ ನೂಕುತ್ತದೆ. ನಡುವೆ ಗೂಟವೊಂದು ನಿಂತಿರುವುದರಿಂದ ಹೊರಬಂದದ್ದು ಟೊಳ್ಳಾಗಿರುತ್ತದೆ. ನೀರಿನ ತೊಟ್ಟಿಯಲ್ಲಿ ಆರಿ ಗಟ್ಟಿಯಾದ ಪೈಪು ಮುಂದೆ ಸಾಗುತ್ತಿದ್ದಂತೆ ಗರಗಸ ಅದನ್ನು ಆರಾರು ಮೀಟರಿಗೆ ತುಂಡರಿಸುತ್ತದೆ. ಮತ್ತೊಂದು ಪೈಪು ಒಳಸೇರಲೆಂದು ಒಂದು ತುದಿಯನ್ನು ಪುನಃ ಕಾಯಿಸಿ ಅಗಲಿಸುತ್ತಾರೆ. ತುಕ್ಕು ಹಿಡಿಯುವ ಕಬ್ಬಿಣದ ಪೈಪನ್ನು ಹೊರಲು ಇಬ್ಬರು ಮೂವರು ಬೇಕಾಗಿದ್ದ ಕಾಲದಲ್ಲಿ, ಒಬ್ಬನೇ ಆಳು ಹೆಗಲಿಗೇರಿಸಿಕೊಂಡು ಹೋಗಿ, ಅಂಟು ಸವರಿ, ಜೋಡಿಸಿ, ಸಂಜೆಯ ವೇಳೆಗೆ ನೀರು ಹಾಯಿಸಬಹುದಾದ ಈ ಪೈಪು ಹಳ್ಳಿಹಳ್ಳಿಗೂ ಹಬ್ಬಿದುದು ಸಹಜವೇ. 1981ರಲ್ಲಿ ವರ್ಷಕ್ಕೆ 300 ಟನ್ನುಗಳಷ್ಟಿದ್ದ ಪೈಪು ತಯಾರಿಕೆಯ ಸಾಮರ್ಥ್ಯ 1997ರ ಹೊತ್ತಿಗೆ 35,000 ಟನ್ನುಗಳನ್ನು ಮೀರಿತು.

ಆದರೆ ಬಾವಿಯ ನೀರನ್ನು ಹೊಲದ ತಲೆಗೆ ತಂದುಕೊಟ್ಟಮಾತ್ರಕ್ಕೆ ನೀರಿನ ಕೊರತೆ ನೀಗಲಿಲ್ಲ. ತಂದ ನೀರು ಮಡಿಗಳಲ್ಲಿ ಇಂಗಿ, ಬಿಸಿಲಿಗೆ ಆರಿ, ಬೇರಿಗೆ ಮುಟ್ಟುವಷ್ಟರಲ್ಲಿ ಅಲ್ಪವಾಗುತ್ತಿದ್ದಿತು. ಇಸ್ರೇಲಿನ ಸಿಂಹಾ ಬ್ಲಾಸ್ ಎಂಬ ತಜ್ಞ ರೂಪಿಸಿದ್ದ, 1965ರಲ್ಲಿ ಅಲ್ಲಿಯ ಹತ್ಸೆರಿಮ್ ಎಂಬ ಸಮುದಾಯಗ್ರಾಮದ ನೆತಾಫಿಮ್ ಸಂಸ್ಥೆ ಕೈಗೆತ್ತಿಕೊಂಡಿದ್ದ ಹನಿ ನೀರಾವರಿಯ ವಿದ್ಯೆಯನ್ನು ಭಾರತದ ಸಣ್ಣ ಹಿಡುವಳಿಗೆ ಹೊಂದಿಸುವ ಕಾರ್ಯವನ್ನು, 1986ರಲ್ಲಿ ಸ್ಥಾಪಿತವಾದ ಜೈನ್ ಇರಿಗೇಶನ್ ಸಿಸ್ಟಮ್ಸ್ ವಹಿಸಿಕೊಂಡಿತು. ಸಾಮಾನನ್ನು ಮಾರಿ ಕೈತೊಳೆದುಕೊಳ್ಳದೆ, ಹೊಲವನ್ನು ಅಳೆದು, ನಕ್ಷೆ ಬರೆದು, ಬೆಳೆಗೆ ತಕ್ಕ ನೀರಿನ ಲೆಕ್ಕ ಹಾಕಿಕೊಟ್ಟು, ಬೆಳೆಯನ್ನು ವಿಚಾರಿಸುವ ಕೃಷಿ ಪದವೀಧರರನ್ನು ಹೊಲಕ್ಕೇ ಕಳುಹಿಸುವ ಪದ್ಧತಿಯನ್ನು ಅದು ಅನುಸರಿಸಿತು.

ಹನಿಯ ಯಂತ್ರ ಎಷ್ಟು ಸೂಕ್ಷ್ಮವೆಂಬುದು ನನಗೆ ತಿಳಿದದ್ದು ನಮ್ಮ ಹೊಲದಲ್ಲಿಯೇ. ಗಿಡವೊಂದು ಬಾಡಿದ್ದನ್ನು ಕಂಡು, ಅದರ ಬುಡದ ಡ್ರಿಪ್ಪರನ್ನು ಕಿತ್ತು ಬ್ಲೇಡಿನಿಂದ ಸೀಳಿ ನೋಡಿದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಆ ವಸ್ತುವಿನ ಒಳಗೆ ಹಾವಿನಂತೆ ಹೊರಳುವ, ಹಲ್ಲುಹಲ್ಲಾದ ಇಕ್ಕಟ್ಟಿನ ದಾರಿಯೊಂದಿದ್ದಿತು. ರಭಸದಿಂದ ಬಂದ ನೀರು ಆ ತಿರುವುಗಳಲ್ಲಿ ಡಿಕ್ಕಿ ಹೊಡೆದು ಹೊಡೆದು, ಬಲಗುಂದಿ, ಗಂಟೆಗೆ ಎರಡೋ ನಾಲ್ಕೋ ಲೀಟರಿನಂತೆ ತೊಟ್ಟಾಗಿ ಬೀಳುವುದು ಅದರ ಕ್ರಮ. ನಮ್ಮ ಬೋರ್‌ವೆಲ್ಲಿನ ಉಪ್ಪು ಆ ತಿರುವುಗಳಲ್ಲಿ ಸುಣ್ಣದಂತೆ ಕಟ್ಟಿ ಕುಳಿತಿದ್ದಿತು. ಕೊಳವೆಗಳಿಗೆ ಆಮ್ಲ ಹಾಯಿಸಿ ಶುಚಿಮಾಡದೆ ಬಹುಕಾಲ ಬಿಟ್ಟವನು ನಾನೇ ಆದುದರಿಂದ ಬೇರೆಯವರನ್ನು ದೂರುವಂತಿರಲಿಲ್ಲ.

1988ರಲ್ಲಿ ಸಂಸ್ಥೆ ಸಾರ್ವಜನಿಕರಿಗೆ ಷೇರುಗಳನ್ನು ನೀಡಿತು. ಹಣ ಒದಗಿದಾಗ ದಾರಿಗಳೂ ಹಲವಾಗಿ ತೋರುವುದು ಲೋಕಸ್ವಭಾವ. ತೊಂಬತ್ತರ ದಶಕದ ಪ್ರಾರಂಭದಲ್ಲಿ ಹಣಕಾಸು, ಗ್ರಾನೈಟು, ಮಾಹಿತಿ ತಂತ್ರಜ್ಞಾನ ಮೊದಲಾಗಿ, ಹೊಲಕ್ಕೂ ನೀರಿಗೂ ಸಂಬಂಧವಿಲ್ಲದ ಕ್ಷೇತ್ರಗಳಿಗೆ ಅದು ಕೈಚಾಚಿತು. ನಷ್ಟ ಬೆನ್ನಟ್ಟಿ ಬಂದಿತು. ಇಂಥ ಸಂದರ್ಭಗಳಲ್ಲಿ ಯಜಮಾನರಾದವರು ಮಾರುಕಟ್ಟೆಯನ್ನೂ ಗ್ರಹಚಾರವನ್ನೂ ಹಳಿಯುವುದೇ ವಾಡಿಕೆಯಾಗಿರಲು, ಭವರಲಾಲರು ತಪ್ಪು ತಮ್ಮದೆಂದು ಷೇರುದಾರರೆದುರು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಬೇಡಿದರು. ಹೊರಗಿನ ವ್ಯವಹಾರಗಳನ್ನು ಕಳಚಿಕೊಂಡು ಸಂಸ್ಥೆ ಮರಳಿ ಹೊಲದ ಕಡೆಗೆ ಮುಖಮಾಡಿತು.

ಆ ಬಳಿಕದ ಬೆಳವಣಿಗೆಯೆಲ್ಲ ಒಂದೇ ಸರಪಣಿಯ ಕೊಂಡಿಗಳಂತಿದೆ. ಅಂಗಾಂಶ ಕೃಷಿಯಿಂದ ಬೆಳೆಸಿದ, ನಮ್ಮವರು ಜಿ-ನೈನ್ ಎಂದು ಕರೆಯುವ ಬಾಳೆಯ ಸಸಿಯನ್ನು ರೈತನಿಗೆ ಕೊಡುವುದು, ಆ ಸಸಿಗೆ ಹನಿಯ ನೀರುಣಿಸುವುದು, ಬೆಳೆದ ಮಾವನ್ನೂ ಈರುಳ್ಳಿಯನ್ನೂ ಕೊಂಡು ತಿರುಳು ತೆಗೆದು ಒಣಗಿಸಿ ಮಾರುವುದು, ಹೀಗೆ ಬಿತ್ತನೆಯಿಂದ ಮಾರಾಟದವರೆಗೆ ರೈತನ ಜೊತೆ ನಡೆಯುವ ಏರ್ಪಾಡು ರೂಪುಗೊಂಡಿತು. ಜಳಗಾಂವಿನ ಹೊರವಲಯದ ಬೋಳುಗುಡ್ಡವೊಂದು ಮಳೆನೀರಿನ ಕೊಯ್ಲಿನಿಂದಲೂ ಗಿಡಮರಗಳಿಂದಲೂ ಹಸಿರಾಗಿ ಜೈನ್ ಹಿಲ್ಸ್ ಎನ್ನಿಸಿಕೊಂಡಿತು. ರೈತರು ಬಂದು ಕಣ್ಣಾರೆ ನೋಡಿ ಕಲಿಯುವ ಪಾಠಶಾಲೆಯೂ ಅದೇ ಆಯಿತು. ಗಾಂಧೀಜಿಯವರ ಜೀವನವನ್ನು ನಿರೂಪಿಸುವ ಗಾಂಧಿ ತೀರ್ಥ 2012ರಲ್ಲಿ ಅಲ್ಲಿಯೇ ತೆರೆಯಿತು. 2006ರಲ್ಲಿ ಅಮೆರಿಕದ ಚಾಪಿನ್ ಸಂಸ್ಥೆಯನ್ನು ಕೊಂಡು, 2007ರಲ್ಲಿ ಇಸ್ರೇಲಿನ ನಾನ್‌ದಾನ್ ಸಂಸ್ಥೆಯಲ್ಲಿ ಅರ್ಧ ಪಾಲನ್ನು ಪಡೆದಾಗ, ವಿದ್ಯೆ ಹುಟ್ಟಿದ ನಾಡಿನಲ್ಲಿಯೇ ಶಿಷ್ಯ ಪಾಲುದಾರನಾದಂತಾಯಿತು.

ನಮ್ಮ ನಾಡಿಗೂ ಈ ಕಥೆಗೂ ಗಟ್ಟಿಯಾದ ಒಂದು ಕೊಂಡಿಯಿದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿ, ಕೃಷ್ಣೆಗೆ ಕಟ್ಟಿದ ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲಕ್ಕೆತ್ತಿ, ತೆರೆದ ಕಾಲುವೆಗಳ ಬದಲಿಗೆ ನೆಲದೊಳಗಿನ ಕೊಳವೆಗಳ ಮೂಲಕ ಸುಮಾರು 24,000 ಹೆಕ್ಟೇರ್ ಹೊಲಗಳಿಗೆ ಹನಿಯಾಗಿ ಮುಟ್ಟಿಸುವ ರಾಮಥಾಳ ಯೋಜನೆ 2017ರಲ್ಲಿ ಲೋಕಾರ್ಪಣೆಗೊಂಡಿತು. ಅದರ ಒಂದು ಭಾಗವನ್ನು ಜೈನ್ ಸಂಸ್ಥೆಯೂ ಇನ್ನೊಂದನ್ನು ನೆತಾಫಿಮ್ ಸಂಸ್ಥೆಯೂ ನಿರ್ಮಿಸಿದುವು. ಕಾಲುವೆಯ ನೀರೆಂದರೆ ಮೇಲಿನವನು ಮಡಿ ತುಂಬಿಸಿಕೊಂಡ ಮೇಲೆ ಕೆಳಗಿನವನಿಗೆ ಕೆಸರು ಎಂಬುದು ಅಚ್ಚುಕಟ್ಟಿನ ಹಳೆಯ ಗೋಳು. ಆ ಗೋಳನ್ನು ಕೊಳವೆಯೊಂದೇ ನೀಗಲಾರದು. ವಾಲ್ವನ್ನು ಸರದಿಯಂತೆ ತಿರುಗಿಸುವ, ಫಿಲ್ಟರನ್ನು ಮರೆಯದೆ ತೊಳೆಯುವ ಊರಿನ ಒಗ್ಗಟ್ಟೂ ಅದರೊಂದಿಗೆ ಬೇಕು.

2008ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಭವರಲಾಲರು 2016ರ ಫೆಬ್ರವರಿ 25ರಂದು ಕಾಲವಶರಾದರು. ಅಶೋಕ, ಅನಿಲ, ಅಜಿತ, ಅತುಲರೆಂಬ ನಾಲ್ವರು ಮಕ್ಕಳ ಹೆಗಲಿಗೆ ಸಂಸ್ಥೆಯೊಡನೆ ಅದರ ಸಾಲದ ಭಾರವೂ ಬಂದಿತು. 2019ರಲ್ಲಿ ಸಾಲದ ಕಂತುಗಳು ತಪ್ಪಿದುವು; 2022ರಲ್ಲಿ ಸಾಲದ ಪುನರ್ವ್ಯವಸ್ಥೆಯಾಗಿ, 2023ರಲ್ಲಿ ಹೊರದೇಶಗಳ ನೀರಾವರಿ ವ್ಯವಹಾರ ರಿವುಲಿಸ್ ಸಂಸ್ಥೆಯಲ್ಲಿ ವಿಲೀನವಾಯಿತು. ಹೊರಗೆ ಹರಡಿದ ಕವಲುಗಳನ್ನು ಕತ್ತರಿಸಿ ಬುಡವನ್ನು ಉಳಿಸಿಕೊಳ್ಳುವ ಕೆಲಸ ಈ ಮನೆತನಕ್ಕೆ ಎರಡನೆಯ ಬಾರಿ ಒದಗಿದುದು ಹೀಗೆ. ಪ್ಲಾಸ್ಟಿಕ್ಕಿನ ಋಣವೂ ಒಂದುಂಟು: ಆಯುಸ್ಸು ತೀರಿದ ಲ್ಯಾಟರಲ್ ಸುರುಳಿಗಳನ್ನು ಬದುವಿನ ಮೇಲೆ ಸುಟ್ಟುಬಿಡುವ ನಮ್ಮ ಅಭ್ಯಾಸ ಹೋಗದೆ, ಅವು ಕಾರ್ಖಾನೆಗೆ ಹಿಂದಿರುಗುವ ದಾರಿ ಸರಾಗವಾಗದೆ, ಈ ಉದ್ಯಮದ ಯಾವ ಮನೆಯೂ ತನ್ನ ಲೆಕ್ಕ ಚುಕ್ತಾ ಆಯಿತೆನ್ನುವಂತಿಲ್ಲ.

ಸಂಜೆ ಮೋಟಾರು ಹಾಕಿ ವಾಲ್ವನ್ನು ತಿರುಗಿಸಿದಾಗ ಕೊಳವೆಯಿಂದ ಮೊದಲು ಹೊರಡುವುದು ಗಾಳಿ. ಬುಸುಗುಟ್ಟಿ ಅದು ಮುಗಿಯುವವರೆಗೂ ತಲೆಯ ಬಳಿ ನಿಲ್ಲುವುದು ಹೊಸಬರ ರೂಢಿ; ತಿಳಿದವನು ನೇರವಾಗಿ ಸಾಲಿನ ಕೊನೆಗೆ ನಡೆದುಹೋಗುತ್ತಾನೆ. ಬ್ಯಾಲೆನ್ಸ್ ಶೀಟು ಏನನ್ನೇ ಹೇಳಲಿ, ನೀರನ್ನರಸಿ ಬಂದವರ ಈ ಸಂಸ್ಥೆಯನ್ನು ನಾವು ಕೃಷಿಕರು ಅಳೆಯುವುದು ಅಲ್ಲಿ ನಿಂತುಕೊಂಡೇ: ಕೊನೆಯ ಗಿಡದ ಬುಡ ಒದ್ದೆಯಾಯಿತೆ ಎಂದು ಬಗ್ಗಿ, ಮಣ್ಣನ್ನು ಮುಟ್ಟಿ.