ಕಲ್ಲಿನ ತಿಥಿಯಿಂದ ಕಂಪ್ಯೂಟರಿನ ತಾರೀಖಿಗೆ

ಮೂರು ತಾರೀಖುಗಳನ್ನು ಬರೆದುಕೊಳ್ಳಿ. 15-8-1986: ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ ದಿನ. 24-5-2008: ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿದ ದಿನ. 11-11-2022: ಅಲ್ಲಿನ ಎರಡನೆಯ ಟರ್ಮಿನಲ್ ಉದ್ಘಾಟನೆಯಾದ ದಿನ. ಇವನ್ನು ಬರಿಯ ಅಕ್ಷರಗಳೆಂದು ಭಾವಿಸಿ ಕ್ರಮವಾಗಿ ಜೋಡಿಸುವಂತೆ ಕಂಪ್ಯೂಟರಿಗೆ ಹೇಳಿದರೆ, ಅದು ಎಡದಿಂದ ಒಂದೊಂದೇ ಅಂಕಿಯನ್ನು ಹೋಲಿಸಿ ಟರ್ಮಿನಲ್ಲನ್ನೇ ಮೊದಲಿಗಿಡುತ್ತದೆ. ಜಿಲ್ಲೆಗಿಂತ ಹಿಂದೆಯೇ ಅದರೊಳಗಿನ ಕಟ್ಟಡ! ಬರೆದದ್ದು ತಪ್ಪಲ್ಲ. ಅದು ತಾರೀಖು ಎಂಬುದು ಯಂತ್ರಕ್ಕೆ ತಿಳಿದಿಲ್ಲ, ಅಷ್ಟೇ.

ಈ ತೊಡಕು ಈ ನೆಲಕ್ಕೆ ಹೊಸದಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳಿವೆ. ಅನೇಕ ಶಾಸನಗಳು ಕಾಲವನ್ನು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳಲ್ಲಿ ಹೇಳುತ್ತವೆ. ಶಕವರ್ಷ ಸಿಕ್ಕರೆ ಸಾಮಾನ್ಯವಾಗಿ 78 ಕೂಡಿಸಿ ಕ್ರಿಸ್ತವರ್ಷ ಪಡೆಯಬಹುದು. ಸಂವತ್ಸರದ ಹೆಸರೊಂದೇ ಉಳಿದಿದ್ದರೆ ಕಷ್ಟ. ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಯಾವ ದಾನ ಮೊದಲು, ಯಾವ ಅರಸ ಆಮೇಲೆ ಎಂಬುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಹೊರತಂದ ‘ಇಂಡಿಯನ್ ಎಫಿಮೆರಿಸ್’ ಕೋಷ್ಟಕಗಳು ವಿದ್ವಾಂಸರಿಗೆ ನೆರವಾದದ್ದು ಇಲ್ಲಿಯೇ. ಕಲ್ಲಿನ ಮೇಲಿನ ತಿಥಿ ಮತ್ತು ವಾರ ಪರಸ್ಪರ ಹೊಂದುತ್ತವೆಯೇ ಎಂದೂ ಅವುಗಳಿಂದ ಪರೀಕ್ಷಿಸಬಹುದು.

ಕಂಪ್ಯೂಟರಿನ ಕಥೆಯೂ ಇದೇ ಹಾದಿಯಲ್ಲಿ ನಡೆಯಿತು. ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸುವ ರಿಲೇಷನಲ್ ಡೇಟಾಬೇಸಿನ ಕಲ್ಪನೆಯನ್ನು ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದರು. ಅದಕ್ಕೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ 1992ರ ಮಾನಕದಲ್ಲಿ ದಿನಾಂಕ, ವೇಳೆಗಳಿಗೆ ಪ್ರತ್ಯೇಕ ಬಗೆಗಳು ದೊರೆತವು. ಆದರೆ 2000ದ ದಶಕದಲ್ಲಿ ಹರಡಿದ ‘ಜೇಸನ್’ ಎಂಬ ಸರಳ ಬರವಣಿಗೆಯ ರೂಪದಲ್ಲಿ ಅಕ್ಷರಮಾಲೆ, ಸಂಖ್ಯೆ, ನಿಜ-ಸುಳ್ಳು, ಶೂನ್ಯಮೌಲ್ಯ, ಪಟ್ಟಿ, ವಸ್ತು ಇವಿಷ್ಟೇ ಇವೆ, ತಾರೀಖಿಲ್ಲ. ಜೇಸನ್ ಬರಹಗಳನ್ನೇ ಕೋಷ್ಟಕದೊಳಗೆ ಇಡತೊಡಗಿದಾಗ ತಾರೀಖು ಮತ್ತೆ ಬರಿಯ ಅಕ್ಷರವಾಯಿತು. 2016ರ ಎಸ್‌ಕ್ಯೂಎಲ್ ಮಾನಕ ಇದಕ್ಕೆ ಉಪಾಯ ಹೇಳಿತು: ಜೇಸನ್‌ನಲ್ಲಿ ಹುಡುಕುವಾಗಲೇ ಆ ಅಕ್ಷರಗಳನ್ನು ದಿನಾಂಕ-ವೇಳೆಯಾಗಿ ಮಾರ್ಪಡಿಸುವ ಒಂದು ಕ್ರಿಯೆ. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಅದು 2020ರಲ್ಲಿ, 13ನೆಯ ಆವೃತ್ತಿಯೊಡನೆ ಬಂತು.

ಇನ್ನೊಂದು ಗಂಟು ಉಳಿಯಿತು. ದೇವನಹಳ್ಳಿಯಿಂದ 12ನೆಯ ತಾರೀಖು ಬೆಳಗಿನ ಜಾವ 2 ಗಂಟೆಗೆ ವಿಮಾನವೊಂದು ಹೊರಟಿತೆನ್ನಿ. ನಮ್ಮ ಗಡಿಯಾರ ವಿಶ್ವಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಆ ಲೆಕ್ಕದಲ್ಲಿ ಅದು 11ರ ರಾತ್ರಿ 8.30. ಕ್ಷಣ ಒಂದೇ, ತಾರೀಖು ಎರಡು! ಆದ್ದರಿಂದ ಕಾಲವಲಯ ಗೊತ್ತಿರಲೇಬೇಕಾದ ಹೋಲಿಕೆಯನ್ನು ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಜೇಸನ್ ಹುಡುಕಾಟ ಒಪ್ಪುವುದಿಲ್ಲ. ಅದಕ್ಕೆಂದೇ ಬೇರೆ ಕ್ರಿಯೆಗಳಿವೆ.

ನಿಮ್ಮೂರಿನ ಗುಡಿಯ ಮುಂದಿನ ಶಾಸನದ ಕಾಲವನ್ನು ಟಿಪ್ಪಣಿ ಮಾಡುವಾಗ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ಕಂಡಂತೆಯೇ ಬರೆದಿಡಿ. ಕಂಪ್ಯೂಟರಿಗೆ ತಾರೀಖು ಕೊಡುವಾಗ ವರ್ಷ, ತಿಂಗಳು, ದಿನ ಎಂಬ ಕ್ರಮವಿರಲಿ, ವೇಳೆಯ ಜೊತೆಗೆ ಕಾಲವಲಯವೂ ಇರಲಿ. ಮುಂದೆ ಓದುವವರು, ಮನುಷ್ಯರಾಗಲಿ ಯಂತ್ರವಾಗಲಿ, ಊಹಿಸಬೇಕಾಗುವುದಿಲ್ಲ.