ಬೀದರಿನ ವಿದ್ಯಾಮಂದಿರ

ಕಲಬುರ್ಗಿಯ ಕುಸನೂರ ದಾರಿಯಲ್ಲಿರುವ ವಿಶ್ವವಿದ್ಯಾಲಯವು 1980ರಲ್ಲಿ ಸ್ಥಾಪಿತವಾಯಿತು. ನಮ್ಮ ಸೀಮೆಯ ಉಚ್ಚಶಿಕ್ಷಣಕ್ಕೆ ಅದೇ ಆರಂಭವೆಂದು ಬಗೆಯುವ ವಾಚಕರು ಬೀದರಿಗೆ ಹೋಗಿ ಮಹಮೂದ ಗವಾನನ ಮದರಸೆಯನ್ನು ನೋಡತಕ್ಕದ್ದು. ಇರಾಣದ ಗೀಲಾನದಿಂದ ಬಂದು ಬಹಮನಿ ರಾಜ್ಯದ ವಜೀರನಾದ ಈತನು 1472ರಲ್ಲಿ ಇದನ್ನು ಕಟ್ಟಿಸಿದನು.

ಕಟ್ಟಡದ ಉದ್ದ 205 ಅಡಿ, ಅಗಲ 180 ಅಡಿ, ಅಂತಸ್ತುಗಳು ಮೂರು. ಮೂಡಣ ಮುಖದಲ್ಲಿ ಉಳಿದ ಒಂದೇ ಮಿನಾರಿನ ಮೈಮೇಲೆ ಬಣ್ಣದ ಮೆರುಗುಬಿಲ್ಲೆಗಳು ಅಂಕುಡೊಂಕು ಸಾಲುಗಳಾಗಿ ಇನ್ನೂ ಅಲ್ಲಲ್ಲಿ ಹೊಳೆಯುತ್ತಿರುವವು. ಒಳಹೊಕ್ಕರೆ ವಿಶಾಲವಾದ ಚೌಕದಂಗಳ. ಅದರ ಸುತ್ತ ಪಾಠದ ಹಜಾರಗಳು, ಮಸೀದಿ, ಗ್ರಂಥಭಾಂಡಾರ, ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಕೋಣೆಗಳು. ಗಾಳಿ ಬೆಳಕುಗಳಿಗೆ ಎಲ್ಲಿಯೂ ಕೊರತೆಯಿಲ್ಲ. ಇಂದು ಶಾಲೆಗಳನ್ನು ಕಟ್ಟಿಸುವವರು ಇಷ್ಟನ್ನಾದರೂ ಇಲ್ಲಿ ಕಲಿತುಕೊಂಡಾರೇ?

ಕಟ್ಟಿಸಿದವನ ಗತಿಯು ದಾರುಣವಾದದ್ದು. ಒರಿಸ್ಸಾದ ಅರಸನಿಗೆ ಬರೆದನೆಂದು ಹಗೆಗಳು ಸೃಷ್ಟಿಸಿದ ಕಳ್ಳಪತ್ರವನ್ನು ನಂಬಿ, ಸುಲ್ತಾನ ಮೂರನೆಯ ಮಹಮ್ಮದನು 1481ರಲ್ಲಿ ಅವನ ತಲೆ ಹೊಡೆಯಿಸಿದನು. ಮದರಸೆಯಾದರೂ ಎರಡು ಶತಮಾನ ಅಖಂಡವಾಗಿ ನಿಂತಿತ್ತು. ಮೊಗಲರ ಕಾಲದಲ್ಲಿ ಪುಸ್ತಕಗಳ ಮನೆಯು ಮದ್ದಿನ ಮನೆಯಾಯಿತು. ಕೂಡಿಟ್ಟ ಆ ಮದ್ದು 1696ರಲ್ಲಿ ಸಿಡಿಯಲು, ತೆಂಕಣ ಮಿನಾರೂ ಮುಂಭಾಗದ ಬಹುಪಾಲೂ ನೆಲಕ್ಕುರುಳಿದವು.